ಎಣ್ಣೆ ಜಾಹೀರಾತಿನ ಗಂಗಾ

ಹೊಸದುರ್ಗದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಕಾಟಲಿಂಗಪ್ಪನನ್ನು ಒಂದು ಕಾಲಕ್ಕೆ ಊರೆಲ್ಲ ಟಿವಿಯಲ್ಲಿ ನೋಡಿ ನಕ್ಕಿತ್ತು. ಕೇಬಲ್ ನಡೆಸುತ್ತಿದ್ದ ಶಿವಕುಮಾರಪ್ಪ ಭಾನುವಾರಕ್ಕೊಂದು ನಗೆ ಕಾರ್ಯಕ್ರಮ ಮಾಡಿಸುತ್ತಿದ್ದ. ಎಲ್ಲ ಚಿಕ್ಕಚಿಕ್ಕ ಪ್ರಹಸನಗಳು. ಒಂದರಲ್ಲಿ ಕಾಟಲಿಂಗಪ್ಪ ಎಳನೀರಿನ ನಾಡಿ ಹಿಡಿದು ನೋಡುವ ಡಾಕ್ಟರು. ಇನ್ನೊಂದರಲ್ಲಿ ತಾನೇ ಟಿಕೆಟ್ ಇಲ್ಲದೆ ಸಿಕ್ಕಿಬೀಳುವ ಕಂಡಕ್ಟರು. ನಡುನಡುವೆ ಊರಿನ ಪಾತ್ರೆಯಂಗಡಿ, ಸೀರೆಯಂಗಡಿಗಳ ಜಾಹೀರಾತು.

ಕೊಬ್ಬರಿ ಎಣ್ಣೆ ಮಿಲ್ಲಿನ ಜಾಹೀರಾತಿಗೆ ಯಾವ ಹೆಣ್ಣುಮಗಳೂ ಒಪ್ಪದಿದ್ದಾಗ ಕಾಟಲಿಂಗಪ್ಪ ತನ್ನ ಹೆಂಡತಿ ಗಂಗಾಳನ್ನೇ ಕರೆತಂದ. ಅವಳು ಜಡೆ ಮುಂದಕ್ಕೆ ಹಾಕಿಕೊಂಡು, "ತಲೆಗೂ ಇದೇ, ಒಗ್ಗರಣೆಗೂ ಇದೇ" ಅಂದಳು. ಕ್ಯಾಮೆರಾದ ಹಿಂದೆ ಗಂಡ ಮೂತಿ ತಿರುಚುತ್ತಿದ್ದುದನ್ನು ಕಂಡು ನಗು ತಡೆಯಲಾಗದೆ ತಲೆ ತಗ್ಗಿಸಿದಳು. ಶಿವಕುಮಾರಪ್ಪ ಆ ನಗುವನ್ನು ಕತ್ತರಿಸಲಿಲ್ಲ.

ಮಗಳು ಅನುಷಾ ಇನ್ನೂ ಅಂಬೆಗಾಲಿಡುತ್ತಿದ್ದಾಗ ಗಂಗಾ ಕಾಮಾಲೆಯಾಗಿ ತೀರಿಕೊಂಡಳು. ಕಾಟಲಿಂಗಪ್ಪ ಮತ್ತೆ ಬಣ್ಣ ಹಚ್ಚಲಿಲ್ಲ. ಮಗುವಿಗೊಂದು ದಿಕ್ಕಾಗಲಿ ಎಂದು ಹಿರಿಯರು ಭರಮಸಾಗರದ ಜಯಕ್ಕನನ್ನು ತಂದು ಮದುವೆ ಮಾಡಿಸಿದರು. ಅನುಷಾಳನ್ನು ಮಡಿಲಲ್ಲಿಟ್ಟುಕೊಂಡು ಬೆಳೆಸಿದ ಆ ಹೆಂಗಸಿನ ಮುಂದೆ ಸತ್ತವಳ ಹೆಸರೆತ್ತಲು ಅವನಿಗೆ ಮನಸ್ಸಾಗಲಿಲ್ಲ. ಗೋಡೆಯ ಮೇಲೆ ಗಂಗಾಳದೊಂದು ಫೋಟೊ ಇತ್ತು, ಅಷ್ಟೇ. ಮನೆಯ ವಿಸಿಆರ್ ಕೆಟ್ಟಮೇಲೆ, ಶಿವಕುಮಾರಪ್ಪ ಕೊಟ್ಟಿದ್ದ ಕಾರ್ಯಕ್ರಮದ ಕ್ಯಾಸೆಟ್ಟುಗಳು ಅಟ್ಟ ಸೇರಿದವು. ಶಿವಕುಮಾರಪ್ಪನೂ ಹೋಗಿಬಿಟ್ಟ, ಅವನ ಹತ್ತಿರವಿದ್ದ ಟೇಪುಗಳಿಗೆಲ್ಲ ಗೆದ್ದಲು ಹಿಡಿಯಿತು.

ಹೋದ ವರ್ಷ, ಚಿತ್ರದುರ್ಗಕ್ಕೆ ಮದುವೆಯಾಗಿ ಹೋಗಿದ್ದ ಅನುಷಾ ಬಂದು, "ಅಪ್ಪಾ, ನಿನ್ನ ಕಾಮಿಡಿ ಎಲ್ಲ ಪೆನ್‌ಡ್ರೈವಿಗೆ ಹಾಕಿಸ್ಕೊಂಡ್ ಬರ್ತೀನಿ" ಎಂದಾಗ ಅವನೇ ಅಟ್ಟ ಹತ್ತಿ, ದೂಳು ಒರೆಸಿ ಕೊಟ್ಟ. ಬಾಯಿಬಿಟ್ಟು ಕೇಳದೆಯೇ ಗಂಗಾಳನ್ನು ಇನ್ನೊಮ್ಮೆ ನೋಡಬಹುದಲ್ಲ ಎಂದು ಒಳಗೊಳಗೇ ಹಿಗ್ಗಿದ.

ಅನುಷಾ ಪೆನ್‌ಡ್ರೈವ್ ತಂದ ದಿನ ಪಕ್ಕದ ಮನೆಯ ದ್ಯಾಮಮ್ಮನೂ ಬಂದು ಕುಳಿತಳು. ಎಳನೀರು ಡಾಕ್ಟರನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಂದೊಂದು ಪ್ರಹಸನ ಮುಗಿದಾಗಲೂ ಕಾಟಲಿಂಗಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗುತ್ತಿದ್ದ. ತಕ್ಷಣವೇ ಮುಂದಿನದು ಶುರುವಾಗುತ್ತಿತ್ತು. ಕೊನೆಗೆ ಪರದೆ ಕಪ್ಪಾಯಿತು. ದ್ಯಾಮಮ್ಮ ನಗುತ್ತಲೇ ಎದ್ದು ಹೋದಳು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಜಯಕ್ಕ ಕೇಳಿದಳು: "ಎಣ್ಣೇದು ಎಲ್ಲೈತೆ?"

"ಯಾವ ಎಣ್ಣೆ ಅವ್ವಾ? ಅಡ್ವಟೈಸು ಎಲ್ಲ ತೆಗೆಸ್ಬಿಟ್ಟೆ. ಯಾರು ನೋಡ್ತಾರೆ ಅವನ್ನ?"

"ಅದ್ರಾಗೆ ನಿಮ್ಮವ್ವ ಇದ್ಲು ಕಣವ್ವ. ಗಂಗಕ್ಕ."

ಕಾಟಲಿಂಗಪ್ಪ ಹೆಂಡತಿಯತ್ತ ತಿರುಗಿದ. "ನಿಂಗೆಂಗ್ ಗೊತ್ತು?"

"ಮದುವೆಯಾದ ಹೊಸದ್ರಾಗೆ, ನೀವು ಕೆಲಸಕ್ಕೆ ಹೋದ ಮ್ಯಾಲೆ ಹಾಕ್ಕೊಂಡು ನೋಡ್ತಿದ್ದೆ. ಎಂಥವಳ ಜಾಗಕ್ಕೆ ಬಂದೀನಿ ಅಂತ." ಜಯಕ್ಕ ಸೆರಗಿನಿಂದ ಕೈ ಒರೆಸಿಕೊಂಡಳು. "ನೀವು ಮಾತೇ ಎತ್ತಲಿಲ್ಲ. ನಿಮಗೆ ನೋವಾಗ್ತೈತೆ ಅಂತ ನಾನೂ ಸುಮ್ಕಿದ್ದೆ."

ಅನುಷಾ ಆಗಲೇ, ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದ ಚಿತ್ರದುರ್ಗದ ಅಂಗಡಿಗೆ ಫೋನ್ ಮಾಡಿದಳು. "ಕ್ಯಾಸೆಟ್ ವಾಪಸ್ ಬ್ಯಾಡ ಅಂತ ನೀವೇ ಅಂದ್ರಲ್ಲ ಮೇಡಂ. ಟೇಪಿಗೆ ಫಂಗಸ್ ಹಿಡಿದಿತ್ತು, ಬಿಸಾಕಿದ್ವಿ" ಎಂದ ಅಂಗಡಿಯವನು. ಆದರೂ ಮೊದಲು ಸಿಕ್ಕ ಬಸ್ಸಿಗೇ ಹೊರಟಳು. ಅಂಗಡಿಯವನು ಪಾಪ, ಕಂಪ್ಯೂಟರಿನಲ್ಲಿ ಅವಳೆದುರಿಗೇ ಹುಡುಕಿದ. ಏನೂ ಸಿಗಲಿಲ್ಲ. ಕ್ಯಾಸೆಟ್ಟುಗಳು ಎಂದೋ ಕಸದ ಗಾಡಿಯಲ್ಲಿ ಹೋಗಿದ್ದವು.

ಮರುದಿನ ತವರಿಗೆ ವಾಪಸ್ಸು ಬಂದವಳು ಚಪ್ಪಲಿಯನ್ನೂ ಬಿಡದೆ ಜಗಲಿಯ ಮೇಲೆ ಕುಸಿದಳು. "ನಾನು ನಮ್ಮವ್ವನ ದನಿ ಒಂದು ಸಲನಾದ್ರೂ ಕೇಳ್ಬೋದಿತ್ತು. ನಾನೇ ಅಳಿಸಿದೆ."

"ನಿಂಗೇನ್ ಗೊತ್ತಿತ್ತು ಮಗಾ. ಹೇಳದಿದ್ದೋನು ನಾನು" ಎಂದ ಕಾಟಲಿಂಗಪ್ಪ.

"ಹೆಂಗಂತಿದ್ಲು ಅಪ್ಪಾ? ಒಂದ್ಸಲ ಅಂದು ತೋರ್ಸು."

ಅವನು ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡ. ಆಗ ಜಯಕ್ಕ ಮಗಳ ಪಕ್ಕದಲ್ಲಿ ಕುಳಿತು, ಅರೆನರೆತ ತನ್ನ ಜಡೆಯನ್ನು ಮುಂದಕ್ಕೆಳೆದುಕೊಂಡು ಮೆಲ್ಲಗೆ ಅಂದಳು: "ತಲೆಗೂ ಇದೇ, ಒಗ್ಗರಣೆಗೂ ಇದೇ."

ಹಾಗೆ ಅಂದು, ಗಂಗಾ ತಗ್ಗಿಸಿದಂತೆಯೇ ತಲೆ ತಗ್ಗಿಸಿದಳು.

"ಹಂಗಲ್ಲ" ಎಂದ ಕಾಟಲಿಂಗಪ್ಪ. "ದನಿ ಹಂಗಿರ್ಲಿಲ್ಲ."

"ಮತ್ತೆ ಹೆಂಗಿತ್ತು?" ಎಂದಳು ಅನುಷಾ.

ಅವನು ಆ ದನಿಗಾಗಿ ನೆನಪೆಲ್ಲ ತಡಕಾಡಿದ. ಆಮೇಲೆ ಟವೆಲಿನಿಂದ ಮುಖ ಮುಚ್ಚಿಕೊಂಡ.