ನಾನು ತುರ್ಕಿ, ಮುಬೀನಾ ಇಂಡಿಯಾ

ಇವತ್ತು ಬೆಳಗ್ಗೆ ಚಿಂತಾಮಣಿ ಟೊಮ್ಯಾಟೊ ಮಾರ್ಕೆಟ್ ಪಕ್ಕ ಟೀ ಕುಡೀತಿದ್ದೆ. ಹಿಂದಿನಿಂದ ಯಾರೋ "ಏ ತುರ್ಕಿ!" ಅಂದ್ರು. ತಟ್ಟನೆ ತಿರುಗಿದೆ. ನಗ್ಬೇಡಿ, ಅದು ನಂದೇ ಹೆಸರು.

ಡಿಗ್ರಿ ಕೊನೇ ವರ್ಷ ನಮಗೊಂದು ಪೇಪರ್ ಇತ್ತು. ಮುಸ್ಲಿಮರು ಹೆಚ್ಚಿರೋ ದೇಶಗಳ ರಾಜಕೀಯ, ಅವರ ವಿದೇಶಾಂಗ ವ್ಯವಹಾರ. ನಾನ್ಯಾಕೆ ತಗೊಂಡೆ ಅಂತೀರಾ? ಅಂಬಾಜಿದುರ್ಗದ ಕಡೆ ನಮ್ಮೂರಿಗೆ ಮಧ್ಯಾಹ್ನ ಒಂದೇ ಬಸ್ಸು. ಅದು ಬರೋ ಮುಂಚೆ ಮುಗಿಯೋ ಕ್ಲಾಸು ಇದೊಂದೇ. ಜ್ಞಾನದಾಹ ಎಲ್ಲಾ ಏನಿಲ್ಲ.

ಕ್ಲಾಸಲ್ಲಿ ನಾವೆಲ್ಲ ರೈತರ ಮಕ್ಕಳು. ಶಿಡ್ಲಘಟ್ಟದಿಂದ ಬರ್ತಿದ್ದ ಮುಬೀನಾ ಒಬ್ಬಳೇ ಮುಸ್ಲಿಂ ಹುಡುಗಿ. ಮೇಡಂ ಏನೇ ಕೇಳಲಿ, ಎಲ್ಲರ ಕುತ್ತಿಗೆ ಅವಳ ಕಡೆ. "ಇರಾನಲ್ಲಿ ಯಾಕಮ್ಮ ಹಂಗೆ?" "ಸೌದಿಯೋರು ಏನಂತಾರೆ?" ಅಂತ ನಾವೇ ಅವಳನ್ನ ಕೇಳ್ತಿದ್ವಿ.

ಒಂದಿನ ಎದ್ದು ನಿಂತ್ಲು. "ನಮ್ಮಪ್ಪ ರೇಷ್ಮೆ ನೂಲು ತೆಗೀತಾರೆ ಕಣ್ರೋ. ನಾನು ಬೆಂಗಳೂರೇ ಸರಿಯಾಗಿ ನೋಡಿಲ್ಲ. ಇರಾನ್ ನಂಗೇನ್ ಗೊತ್ತು?" ಬ್ಯಾಗ್ ಎತ್ಕೊಂಡು ಮೇಡಂ ಹತ್ರ ಹೋಗಿ, "ಈ ಪೇಪರ್ ಬಿಡ್ತೀನಿ ಮೇಡಂ. ಪಾಠ ಕೇಳಕ್ಕೆ ಬಂದ್ರೆ ಇವ್ರು ನನ್ನೇ ಪಾಠ ಮಾಡ್ಕೊಂಡಿದ್ದಾರೆ" ಅಂದ್ಲು.

"ನಾಳೆ ಒಂದಿನ ಬಾಮ್ಮ. ಆಮೇಲೆ ನಿನ್ನಿಷ್ಟ" ಅಂದ್ರು ಮೇಡಂ.

ಮಾರನೇ ದಿನ ನಮಗೆಲ್ಲ ಒಂದೊಂದು ದೇಶ ಹಂಚಿದ್ರು. ಇನ್ಮೇಲೆ ಆ ದೇಶದ ಪರವಾಗಿ ನಾವೇ ಮಾತಾಡ್ಬೇಕು. ದ್ರಾಕ್ಷಿ ತೋಟದ ರೆಡ್ಡಿ ಇರಾನ್. ಅವನ ಜೀವದ ಗೆಳೆಯ ಸೌದಿ. ನಾನು ತುರ್ಕಿ.

"ನಂಗೆ?" ಅಂದ್ಲು ಮುಬೀನಾ.

"ನೀನು ಇಂಡಿಯಾ. ಇವ್ರನ್ನೆಲ್ಲ ಪ್ರಶ್ನೆ ಕೇಳೋದು ನಿನ್ ಕೆಲಸ."

ಆ ಹುಡುಗಿ ಬೆನ್ನು ನೆಟ್ಟಗಾಗಿದ್ದು ನೀವು ನೋಡ್ಬೇಕಿತ್ತು!

ಲೈಬ್ರರೀಲಿ ನ್ಯೂಸ್ ಪೇಪರ್ ಎಲ್ಲಾ ಓದ್ಕೊಂಡು ಬಂದು ನಮ್ಮನ್ನ ಜಾಲಾಡಿದ್ಲು. "ಎಣ್ಣೆ ಕೊಡ್ತೀಯ ಸರಿ, ಅಮೆರಿಕಾ ನಿರ್ಬಂಧ ಹಾಕಿದ್ರೆ ದುಡ್ಡು ಹೆಂಗೆ ಕಳಿಸ್ಲಪ್ಪ?" ಅಂತ ರೆಡ್ಡಿಗೆ. "ರಷ್ಯಾನೂ ಬೇಕು, ಅಮೆರಿಕಾನೂ ಬೇಕು. ನಿಜ ಹೇಳು, ನೀನು ಯಾರ ಕಡೆ?" ಅಂತ ನಂಗೆ. ನೀರು ಕುಡ್ಕೊಂಡ್ ಬರ್ತೀನಿ ಅಂದೆ. "ತುರ್ಕಿ ಹಂಗೆಲ್ಲ ಓಡೋಗಲ್ಲ, ಕೂತ್ಕೊ" ಅಂದ್ಲು.

ರೋಷಕ್ಕೆ ಬಿದ್ದು ಓದಿದೆ. ಒಂದು ದೇಶದಲ್ಲಿ ರಾಜ, ಒಂದರಲ್ಲಿ ಓಟು, ಇನ್ನೊಂದರಲ್ಲಿ ಮಿಲಿಟರಿ. ಧರ್ಮ ಒಂದೇ ಆದ್ರೂ ಜಗಳಕ್ಕೆ ಬರವಿಲ್ಲ. ಇರಾನು ಸೌದಿ ನಮ್ಮ ಕ್ಲಾಸಲ್ಲೇ ಮುದ್ದೆ ಹಂಚ್ಕೊಳೋದು ಬಿಟ್ಟಿದ್ರು ಅಂದ್ರೆ ನೋಡಿ. ಮುಬೀನಾ ಪೇಪರ್ ಬಿಡಲಿಲ್ಲ. ನಮ್ಮೆಲ್ಲರಿಗಿಂತ ಜಾಸ್ತಿ ಮಾರ್ಕ್ಸು ಅವಳಿಗೇ.

ಇವತ್ತು ಬೆಳಗ್ಗೆ "ಏ ತುರ್ಕಿ" ಅಂತ ಕೂಗಿದ್ದು ಅವಳೇ. ಈಗ ಅದೇ ಪೇಪರ್ ಪಾಠ ಮಾಡೋ ಲೆಕ್ಚರರ್. ಪಕ್ಕದಲ್ಲಿ ಮೊಬೈಲಲ್ಲಿ ಯುದ್ಧದ ಸುದ್ದಿ ನೋಡ್ತಿದ್ದ ವಯಸ್ಸಾದ ರೈತರೊಬ್ರು, ನಮ್ಮ ಮಾತು ಕೇಳಿ ಇವಳು ಮೇಷ್ಟ್ರು ಅಂತ ಗೊತ್ತಾಗಿ, "ಆ ಸಮುದ್ರದ ದಾರಿ ಮುಚ್ಚಿದ್ರೆ ನಮ್ಗೆ ಯೂರಿಯಾ ಬರುತ್ತೇನಮ್ಮ?" ಅಂದ್ರು. ಇವಳು ಬೆಂಚಿನ ಮೇಲೆ ಚೆಲ್ಲಿದ್ದ ಟೀಯಲ್ಲೇ ಬೆರಳಾಡಿಸಿ, ಇದು ಇರಾನು, ಇದು ಒಮಾನು, ಹಡಗು ಈ ಸಂದೀಲೇ ಬರಬೇಕು ಅಂತ ಅರ್ಧ ಕನ್ನಡ ಅರ್ಧ ತೆಲುಗಲ್ಲಿ ಬಿಡಿಸಿ ಹೇಳಿದ್ಲು. ಕ್ರೇಟ್ ಹೊರೋರೂ ಬಗ್ಗಿ ನೋಡ್ತಿದ್ರು.

"ಯಾರಪ್ಪ ಆಯಮ್ಮ?" ಅಂದ ಒಬ್ಬ.

"ನಮ್ಮೋಳು ಕಣಣ್ಣ" ಅಂದೆ. ಬೇಕಿದ್ದಕ್ಕಿಂತ ಸ್ವಲ್ಪ ಜೋರಾಗೇ.