ಕರಡಿ ಇಲ್ಲದ ಫೋಟೋ

ತಂಬ್ರಹಳ್ಳಿ ಹತ್ತಿರದ ಹೊಲಕ್ಕೆ ಕರಡಿ ಬಂದಿದೆ ಎಂಬ ವಿಡಿಯೊ ಬೆಳಿಗ್ಗೆಯೇ ಎಲ್ಲ ಗ್ರೂಪುಗಳಲ್ಲೂ ಓಡಾಡುತ್ತಿತ್ತು. ನಮ್ಮ ಪತ್ರಿಕೆಯ ಜಾಲತಾಣವೂ ಅದನ್ನೇ ಎತ್ತಿ ಹಾಕಿತು. ಹಾಕಿದ ಮೇಲೆ ಕಚೇರಿಯಿಂದ ನನಗೆ ಫೋನು ಬಂತು: ನಿಜವೋ ಸುಳ್ಳೋ, ಹೋಗಿ ನೋಡು.

ಶೇಂಗಾ ಕೀಳುವ ಕಾಲ. ಆದರೂ ಹೊಲದಲ್ಲಿ ಒಂದಾಳೂ ಇಲ್ಲ. ಹೊಲದೊಡತಿ ಒಬ್ಬರೇ ಬದುವಿನ ಮೇಲೆ ಕೂತಿದ್ದರು.

"ಕರಡಿ ನೋಡಿದವರು ಯಾರಮ್ಮ?" ಅಂದೆ, ಪತ್ರಿಕೆಯ ಹೆಸರು ಹೇಳಿ.

"ನೀವ ಹಾಕೀರಲ್ರಿ, ನಮ್ಮನ್ಯಾಕ ಕೇಳ್ತೀರಿ? ನಿಮ್ಮ ಪೇಪರಿನಾಗ ಬಂತಂತ ಆಳು ಒಬ್ರೂ ಬರವಲ್ರು."

ವಿಡಿಯೊದ ಕರಡಿಯ ಹಿಂದೆ ಚಹಾ ತೋಟವಿತ್ತು. ಈ ಕಡೆ ಚಹಾ ಇರುವುದು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮಾತ್ರ. 'ಕರಡಿ ಬಂದಿಲ್ಲ' ಎಂದು ಹೊಲದಿಂದಲೇ ಜಾಲತಾಣಕ್ಕೆ ಬರೆದು ಹಾಕಿದೆ. ತಕ್ಷಣ ಸುದ್ದಿಯ ಕೆಳಗೊಬ್ಬ ಓದುಗ ಬರೆದ: "ಇಲ್ಲ ಅನ್ನಾಕ ಪ್ರೂಫ್ ಏನೈತಿ? ಫೋಟೋ ಹಾಕ್ರಿ."

ಇಲ್ಲದ ಕರಡಿಯ ಫೋಟೋ ತೆಗೆಯುವುದನ್ನು ಯಾವ ಸಂಪಾದಕರೂ ನನಗೆ ಕಲಿಸಿರಲಿಲ್ಲ. ಬಿಸಿಲಿಗೆ ಬೆನ್ನು ಮಾಡಿ, ಎರಡೂ ಕೈಯಲ್ಲಿ ಮೊಬೈಲು ಎತ್ತಿ ಹಿಡಿದು, ಖಾಲಿ ಹೊಲವನ್ನು ತೆಗೆದು ಹಾಕಿದೆ. ಹೊಲದೊಡತಿಗೂ ಸಮಾಧಾನವಾಯಿತು. ಆಳುಗಳನ್ನು ಕರೆಯಲು ಫೋನು ಹಚ್ಚಿದರು.

ಅಷ್ಟರಲ್ಲಿ ಆ ಫೋಟೋ ಗ್ರೂಪು ಸುತ್ತಿ ನನಗೇ ವಾಪಸ್ ಬಂತು. ಮೂಲೆಯಲ್ಲಿ ಬಿದ್ದಿದ್ದ ನನ್ನ ನೆರಳಿಗೆ ಯಾರೋ ಕೆಂಪು ಸುತ್ತು ಹಾಕಿ ಬರೆದಿದ್ದರು: "ಸರಿಯಾಗಿ ನೋಡ್ರಿ, ಕೈ ಎತ್ಕೊಂಡು ನಿಂತೈತಿ."

ಹೊಲದೊಡತಿ ಫೋನಿನ ಬಾಯಿಯನ್ನು ಕೈಯಿಂದ ಮುಚ್ಚಿ ನನ್ನ ಕಡೆ ತಿರುಗಿದರು.

"ಕರಡಿ ಯಾವಾಗ ಹೋಗತೈತಿ ಅಂತ ಆಳುಗಳು ಕೇಳಾಕ ಹತ್ಯಾರ್ರಿ. ನಿಮ್ಮ ಬಸ್ಸು ಎಷ್ಟೊತ್ತಿಗೈತಿ?"