ಅಂಡಮಾನಿಗೊಂದು ಉಡಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಬಳ್ಳಾರಿಯ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ಭೂಗೋಳ ಕಲಿಸಿದ ನಾನು ಸಮುದ್ರವನ್ನೇ ನೋಡಿರಲಿಲ್ಲ. ಕರಿಹಲಗೆಯ ಮೇಲೆ ಅದೆಷ್ಟು ದ್ವೀಪ ಬರೆದು ಒರೆಸಿದ್ದೇನೋ. ಒಂದು ಸೊಟ್ಟ ಗೆರೆ ಸುತ್ತಿ, ಅದರಾಚೆ ನೀಲಿ ಚಾಕ್‌ಪೀಸು ಉಜ್ಜಿ, "ಸುತ್ತಲೂ ನೀರಿರುವ ಭೂಭಾಗವೇ ದ್ವೀಪ" ಎಂದರೆ ಪಾಠ ಮುಗಿಯಿತು. ನೀಲಿ ಚಾಕ್‌ಪೀಸು ಬೇಗ ಸವೆಯುತ್ತದೆ ಎಂಬುದೊಂದೇ ಸಮುದ್ರದ ವಿಷಯದಲ್ಲಿ ನನ್ನ ಸ್ವಂತ ಅನುಭವ.

ಈ ಗುಟ್ಟು ಗೊತ್ತಿದ್ದವಳು ನನ್ನ ಹೆಂಡತಿ ನೀಲಮ್ಮ ಒಬ್ಬಳೇ. ಅವಳು ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯವಳು. ತುಂಗಭದ್ರೆಯ ಕಾಲುವೆ ಅವರೂರಿಗೆ ಬಂದಾಗ ಅವಳಿಗೆ ಹತ್ತು ವರ್ಷ. ನೀರು ಬಿಟ್ಟಿದ್ದಾರೆಂಬ ಸುದ್ದಿ ತಿಳಿದ ಊರವರು ಮನೆಯಲ್ಲಿ ಕೂತು ಕಾಯಲಿಲ್ಲವಂತೆ. ಒಣ ಕಾಲುವೆಯ ದಂಡೆ ಹಿಡಿದು ಎದುರು ನಡೆದರು. ಹೆಂಗಸರ ಕೈಯಲ್ಲಿ ಕುಪ್ಪಸದ ಹಸಿರು ಕಣ, ಅಕ್ಕಿ, ಕೊಬ್ಬರಿ ಬಟ್ಟಲು. ಮನೆಗೆ ಬಂದ ಮಗಳಿಗೆ ಉಡಿ ತುಂಬುವಂತೆ ನೀರಿಗೂ ತುಂಬಬೇಕಲ್ಲ. ಕೆಮ್ಮಣ್ಣಿನ ಬಣ್ಣದ ನೀರು ಕಸಕಡ್ಡಿ ತಳ್ಳಿಕೊಂಡು ಮೆಲ್ಲಗೆ ತೆವಳುತ್ತ ಬಂತಂತೆ. ಅದನ್ನು ಕಂಡು ಅವಳ ಅಜ್ಜಿ ಅಲ್ಲೇ ಕುಸಿದು ಕೂತು ಅತ್ತುಬಿಟ್ಟಳಂತೆ. ಈ ಕಥೆಯನ್ನು ನೂರು ಸಲ ಕೇಳಿದ್ದೇನೆ. ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ.

ಎಪ್ಪತ್ತರ ದಶಕದ ನಡುವಿನಲ್ಲಿ, ನನ್ನ ಹಳೆಯ ವಿದ್ಯಾರ್ಥಿ ಕೊಳಗಲ್ಲಿನ ಹುಸೇನ ಹವಾಮಾನ ನೋಡುವ ನೌಕರಿ ಸಿಕ್ಕಿ ಅಂಡಮಾನಿನ ಪೋರ್ಟ್ ಬ್ಲೇರಿಗೆ ಹೋದ. ರಜೆಗೆ ಬಂದವನು ಅಂಗೈಯಗಲದ ಒಂದು ಚಿಪ್ಪು ತಂದುಕೊಟ್ಟು, ಒಮ್ಮೆ ಬನ್ನಿ ಎಂದು ಕರೆದ. ನೀಲಮ್ಮ ಚಿಪ್ಪನ್ನು ದೇವರ ಮುಂದಿಟ್ಟು ಮೂರು ದಿನ ಕುಂಕುಮ ಹಚ್ಚಿದಳು. ನಾಲ್ಕನೆಯ ದಿನ, ಅಷ್ಟು ನೀರಿನ ನಡುವೆ ಊರು ಮುಳುಗದೆ ಹೇಗೆ ನಿಂತಿದೆ ಎಂದು ಕೇಳಿದಳು. ನನ್ನ ಉತ್ತರದಲ್ಲಿ ಚಾಕ್‌ಪೀಸಿನ ಪುಡಿಯೇ ಹೆಚ್ಚಾಗಿತ್ತು.

"ಹದಿನೆಂಟು ವರ್ಷ ನೋಡಲಾರದ್ದು ಹೇಳೀರಿ," ಎಂದಳು. "ಒಮ್ಮಿ ನೋಡಿ ಬಂದು ಹೇಳ್ರಿ. ನಾನೂ ಬರ್ತೀನಿ."

ಅಂದಿನಿಂದ ನಮ್ಮ ಪಡಸಾಲೆ ಬಂದರು ಕಚೇರಿಯಾಯಿತು. ಗೋಡೆಗೆ ಭೂಪಟ ಬಂತು. ನಾನು ದಾರ ಹಿಡಿದು ಗುಂತಕಲ್ಲು, ಮದ್ರಾಸು, ಅಲ್ಲಿಂದ ಹಡಗಿನ ದಾರಿ ಎಂದು ಅಳೆದೆ. ಮದ್ರಾಸಿನವರೆಗೆ ಒಂದು ಗೇಣು. ಆಮೇಲೆ ಬರೀ ನೀಲಿ, ನೀಲಿ. ಅದರ ಕೊನೆಗೆ ಸಾಸಿವೆ ಚೆಲ್ಲಿದಂತೆ ನಾಲ್ಕು ಚುಕ್ಕೆ. ದಾರ ಸಾಲದೆ ಇನ್ನೊಂದು ತುಂಡು ಗಂಟು ಹಾಕಿಕೊಂಡೆ. ಪುರೋಹಿತರು ಪೂಜೆಯ ಸಂಕಲ್ಪದಲ್ಲಿ ನಮ್ಮ ವಿಳಾಸ ಹೇಳುವಾಗ 'ಜಂಬೂದ್ವೀಪೇ' ಎನ್ನುತ್ತಾರಲ್ಲ, ಆ ಲೆಕ್ಕಕ್ಕೆ ನಾವೂ ದ್ವೀಪದವರೇ. ಪುರಾಣಗಳಲ್ಲಿ ಏಳು ಸಮುದ್ರಗಳಿವೆ: ಉಪ್ಪು, ಕಬ್ಬಿನ ರಸ, ಹೆಂಡ, ತುಪ್ಪ, ಮೊಸರು, ಹಾಲು ಎಲ್ಲ ಆದ ಮೇಲೆ ಸಿಹಿನೀರಿನ ಸರದಿ. ಪಟ್ಟಿ ಮಾಡಿದವರು ಬಳ್ಳಾರಿಯವರಾಗಿದ್ದರೆ ನೀರನ್ನೇ ಮೊದಲು ಬರೆಯುತ್ತಿದ್ದರು.

ಪ್ರವಾಸ ಮೇ ತಿಂಗಳ ಕೊನೆಗೆಂದು ಗೊತ್ತುಮಾಡಿದೆ. ಶಾಲೆಗೆ ರಜೆ, ಮೇಲಾಗಿ ಕೋಟೆ ಗುಡ್ಡದ ಬಂಡೆ ಕಾದು ಊರಿಗೆ ಊರೇ ರೊಟ್ಟಿ ಹೆಂಚಿನ ಮೇಲೆ ಕೂತಂತಿರುವ ಕಾಲ. ನನ್ನ ಯೋಜನೆಯನ್ನು ಪರೀಕ್ಷಿಸದವರಿಲ್ಲ. ಹಡಗಿನಲ್ಲಿ ವಾಂತಿಯಾಗುತ್ತದೆ ಎಂದರು ಹೆಡ್‌ಮಾಸ್ಟರು. ಜೋಳದ ರೊಟ್ಟಿ ಸಿಗದ ಊರಿಗೆ ಯಾಕೆ ಹೋಗಬೇಕು ಎಂದು ಕೇಳಿದ ಕುರುಗೋಡಿನಲ್ಲಿದ್ದ ನೀಲಮ್ಮನ ಅಣ್ಣ. ಕೊನೆಗೆ ತಾನೇ ಅಲ್ಲಿಯ ದೊಡ್ಡ ಬಸವಣ್ಣನಿಗೆ ಕಾಯಿ ಒಡೆಸಿ ಪ್ರಸಾದ ಕಳಿಸಿದ. ಕುಡಿಯುವ ನೀರು, ಹಾವು, ಕಳ್ಳಕಾಕರು ಎಲ್ಲದರ ಚರ್ಚೆಯಾಯಿತು. ನಾನೂ ಬಿಸಿಲಿಗಿರಲಿ ಎಂದು ಛತ್ರಿ ಕಟ್ಟಿಟ್ಟೆ. ಅದಕ್ಕೆ ನಾಲ್ಕು ತೂತು. ನಮ್ಮ ಕಡೆ ಛತ್ರಿಗೆ ತೂತು ದೋಷವಲ್ಲ, ಒಂದಿಷ್ಟು ಗಾಳಿಯಾಡುತ್ತದೆ.

ಹೊರಡಲು ಎಂಟು ದಿನವಿದ್ದಾಗ ಹುಸೇನನ ಕಾಗದ ಬಂತು. "ಸರ್, ನೀವು ಬರುವ ಹೊತ್ತಿಗೆ ಇಲ್ಲಿ ಮುಂಗಾರು ಹಿಡಿದಿರುತ್ತದೆ. ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಎದುರಿನ ದ್ವೀಪ ಕಾಣುವುದಿಲ್ಲ, ದೋಣಿ ಬಿಡುವುದಿಲ್ಲ. ಮಳೆಯೊಂದನ್ನು ಬಿಟ್ಟರೆ ನೋಡಲು ಏನೂ ಇರುವುದಿಲ್ಲ. ಚಳಿಗಾಲದಲ್ಲಿ ಬನ್ನಿ. ಮುಂಗಾರು ಮೊದಲು ಮುಟ್ಟುವುದು ಅಂಡಮಾನ್ ದ್ವೀಪಗಳನ್ನು ಎಂದು ನೀವೇ ನನ್ನಿಂದ ಐದು ಸಲ ಬರೆಸಿದ್ದಿರಿ."

ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ವರ್ಷಕ್ಕೊಮ್ಮೆ ಬರೆಸಿದ ವಾಕ್ಯ ನನಗೇ ನೆನಪಾಗಿರಲಿಲ್ಲ. ನನಗೊಬ್ಬನಿಗೇ ಏಕೆ, ನನ್ನ ಯೋಜನೆಯನ್ನು ಪರೀಕ್ಷಿಸಿದ ಯಾರಿಗೂ ಹೊಳೆದಿರಲಿಲ್ಲ. ಮಳೆ ಬಂದರೆ ಒಂದು ಕೆಲಸ ಕೆಡುತ್ತದೆ ಎಂಬ ಯೋಚನೆಯೇ ಬಳ್ಳಾರಿಯವರ ತಲೆಗೆ ಬರುವುದಿಲ್ಲ. ಚಳಿಗಾಲದಲ್ಲಿ ನನಗೆ ರಜೆಯಿಲ್ಲ. ಈ ಸಲ ತಪ್ಪಿದರೆ ಇವಳಿಗೆ ಸಮುದ್ರ ತಪ್ಪಿದಂತೆಯೇ ಎನಿಸಿತು.

ನೀಲಮ್ಮ ಸಮುದ್ರಕ್ಕೆಂದು ಹಸಿರು ಕಣದಲ್ಲಿ ಉಡಿ ಸಾಮಾನು ಕಟ್ಟುತ್ತಿದ್ದಳು. ಕಾಗದ ಓದಿ, ಗಂಟು ಬಿಚ್ಚಿಬಿಡು ಎಂದೆ. ವಾರಗಟ್ಟಲೆ ಬಿಡುವುದಿಲ್ಲ ಎಂಬ ಸಾಲನ್ನು ಮತ್ತೆ ಓದಿಸಿದಳು. ಮತ್ತೂ ಒಮ್ಮೆ ಓದಿಸಿದಳು. ಅವಳ ಮುಖ ಬೆಳಗುತ್ತಿತ್ತು.

"ಆ ಮಳಿ ನಮ್ಮೂರಿಗೆ ಬರತೈತೇನ್ರಿ?"

ನಾನು ಮೇಷ್ಟ್ರಾಗಿ, ಘಟ್ಟದ ಆಚೆಯೇ ಮೋಡ ಬರಿದಾಗುವುದನ್ನೂ ನಾವು ಮಳೆಯ ನೆರಳಿನಲ್ಲಿರುವುದನ್ನೂ ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿ ಗಂಟನ್ನು ಇನ್ನೊಂದು ಸುತ್ತು ಬಿಗಿದಳು.

"ಅದು ಬರೂದಿಲ್ಲಂದ್ರ, ನಾವ ಎದುರು ಹೋಗೂಣ."

ಹೋದೆವು. ಹಡಗಿನ ಕೊನೆಯ ದಿನ, ನೀಲಿಯೆಂದು ನಾನು ಇಷ್ಟು ವರ್ಷ ಸುಳ್ಳು ಹೇಳಿದ್ದ ಸಮುದ್ರ ಕಪ್ಪಗಾಯಿತು. ಆಕಾಶಕ್ಕೂ ನೀರಿಗೂ ನಡುವೆ ಬಿಳಿಯ ಗೋಡೆಯೊಂದು ನಮ್ಮ ಕಡೆ ನಡೆದು ಬಂತು. ಜನ ಒಳಗೆ ಓಡಿದರು. ನಾನು ಛತ್ರಿ ಬಿಚ್ಚಲು ಹೋದಾಗ ನೀಲಮ್ಮ ಅದನ್ನು ಕಸಿದು ಪಕ್ಕಕ್ಕಿಟ್ಟಳು. ಸಮುದ್ರಕ್ಕೆ ತಂದಿದ್ದ ಉಡಿಯನ್ನು ಎರಡೂ ಕೈಯಲ್ಲೆತ್ತಿ ಮಳೆಗೆ ಹಿಡಿದಳು. ಅವಳು ಅಳುತ್ತಿದ್ದಳೋ ಇಲ್ಲವೋ ಆ ನೀರಿನಲ್ಲಿ ತಿಳಿಯಲಿಲ್ಲ. ನಾನಂತೂ ಅತ್ತೆ.

ಆ ವಾಕ್ಯವನ್ನು ಮಕ್ಕಳಿಂದ ಈಗಲೂ ಬರೆಸುತ್ತೇನೆ. 'ಮುಂಗಾರು ಮೊದಲು' ಎನ್ನುವವರೆಗೆ ಸರಾಗ. 'ಮುಟ್ಟುವುದು' ಎಂಬಲ್ಲಿ ಮಾತ್ರ ಸ್ವಲ್ಪ ತಡೆದು, ಕನ್ನಡಕ ಒರೆಸಿಕೊಂಡು, ಮುಂದೆ ಹೇಳುತ್ತೇನೆ.